ಮುಂದಿನ ಗೇರಿಗೆ ಇಬ್ಬರು ಬೇಕು

ಸ್ಟೇಶನ್ ರಸ್ತೆ, ಖಾನಾಪುರ
ತಾ. 18-11-1985, ಸೋಮವಾರ

ಪ್ರೀತಿಯ ವಹಾಬನ ಅಮ್ಮಿಗೆ,

ದಸ್ತಗೀರಸಾಬನ ಸಲಾಮ್. ನೀನು ಹೇಗಿದ್ದಿ? ಗದಗಿನ ಸವಳು ನೀರು ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತೀಯೋ, ಇಲ್ಲಾ ಕೂಸಿಗೆ ಹಚ್ಚಿ ಉಳಿದರೆ ನೋಡೋಣ ಎಂದು ಹಾಗೇ ಬಿಟ್ಟಿದ್ದೀಯೋ? ಬಾಣಂತಿ ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಮೊಮ್ಮಗಳು ಬಹಳ ಅಳುತ್ತಾಳೆ ಎಂದು ಬರೆಸಿದ್ದಿ. ಅಳಲಿ ಬಿಡು, ಅವಳ ತಾಯಿ ಅಳುತ್ತಿದ್ದದ್ದು ಇಡೀ ಸ್ಟೇಶನ್ ರಸ್ತೆಗೆ ಗೊತ್ತಿದೆ. ಬೀಗತಿಯ ಮುರಿದ ಕಾಲು ಕೂಡಿಕೊಂಡಿತೇ? ಅವರು ಬಿದ್ದು ಮಲಗಿದ್ದರಿಂದ ತಾನೇ ಮಗಳು ಹೆರಿಗೆಗೆ ಇಲ್ಲಿಗೆ ಬರಲಾಗದೆ ನೀನು ಅಲ್ಲಿಗೆ ಹೋಗಬೇಕಾಯಿತು. ಅವರಿಗೂ ನನ್ನ ಸಲಾಮ್ ಹೇಳು, ಆದರೆ ಬೇಗ ಎದ್ದು ಓಡಾಡಲಿ ಎಂದು ನಾನು ಇಲ್ಲಿ ದುವಾ ಮಾಡುತ್ತಿರುವುದರಲ್ಲಿ ನನ್ನ ಸ್ವಾರ್ಥವೂ ಇದೆ ಎನ್ನುವುದನ್ನು ಹೇಳಬೇಡ.

ಈ ಪತ್ರವನ್ನು ನಿನಗೆ ಓದಿ ಹೇಳುವವಳು ಬಾಣಂತಿ ಮಗಳು ಕರೀಮುನ್ನಿಸಾಳೇ ಎಂದು ನನಗೆ ಗೊತ್ತು. ಮನೆಯಲ್ಲಿ ನಾವು ಆಡುವ ಮಾತು ಒಂದು, ನಾನು ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆ ತನಕ ಕಲಿತ ಅಕ್ಷರ ಇನ್ನೊಂದು. ನಿನಗಂತೂ ಯಾವುದನ್ನೂ ಓದಲು ಬರುವುದಿಲ್ಲ, ಆದರೆ ಯಾವ ಭಾಷೆಯಲ್ಲಾದರೂ ಬೈಯಲು ಬರುತ್ತದೆ. ಅದಕ್ಕೇ ಇಲ್ಲಿ ಆಡಿದ ಮಾತನ್ನೆಲ್ಲ ಕನ್ನಡಕ್ಕೆ ಹೊಂದಿಸಿ ಬರೆಯುತ್ತಿದ್ದೇನೆ. ಮಗಳೇ, ನಡುವೆ ಒಂದೊಂದು ಸಾಲು ನಿನ್ನ ಅಮ್ಮಿಗೆ ಮಾತ್ರ ಸೇರಿದ್ದು ಬರುತ್ತದೆ. ಅಲ್ಲಿ ಕಣ್ಣು ಮುಚ್ಚಿಕೊಂಡು ಓದು. ಈಗ ಅಂಥದೊಂದು ಸಾಲು ಇದೆ: ನೀನಿಲ್ಲದೆ ನನಗೆ ಬಹಳ ಬೇಸರವಾಗುತ್ತದೆ, ಚಹಾ ಕುಡಿದರೂ ಕುಡಿದಂತೆ ಆಗುವುದಿಲ್ಲ.

ನಾನು ಆರಾಮ ಇದ್ದೇನೆ. ವಹಾಬನೂ ಆರಾಮ ಇದ್ದಾನೆ ಎಂದು ಕಾಣುತ್ತದೆ. ಕಾಣುತ್ತದೆ ಎಂದು ಏಕೆ ಬರೆಯುತ್ತಿದ್ದೇನೆ ಎಂದು ನಿನಗೆ ತಿಳಿದೇ ಇದೆ. ನೀನು ಇದ್ದಾಗ ನಮ್ಮಿಬ್ಬರ ನಡುವೆ ನೀನು ಬ್ರೇಕಿನ ವಾಯರ್ ಇದ್ದಂತೆ ಇದ್ದೆ. ನಾನು ಇಲ್ಲಿ ಒತ್ತಿದರೆ ಅದು ಅಲ್ಲಿ ಹಿಡಿಯುತ್ತಿತ್ತು. “ನಿನ್ನ ಮಗಗ ಹೇಳು ಪಂಪಿನ ವಾಶರ್ ಹೋಗೈತಿ ಅಂತ” ಎಂದು ನಾನು, “ಅಬ್ಬಾಗ ಹೇಳು ಹಾಕೀನಿ ಅಂತ” ಎಂದು ಅವನು. ನೀನು ಗಾಡಿ ಹತ್ತಿದ ದಿನದಿಂದ ಆ ಕೆಲಸ ನಿನ್ನ ಆಡಿಗೆ ಬಂದಿದೆ. ನಾನು ಅನ್ನ ಮಾಡಿಟ್ಟು ಆಡಿಗೆ ಹೇಳುತ್ತೇನೆ, “ಅನ್ನಾ ಆಗೇತಿ, ಉಣ್ಣೋರು ಉಣ್ಣಲಿ.” ಅವನು ಕೈ ತೊಳೆಯುತ್ತ ಆಡಿಗೆ ಹೇಳುತ್ತಾನೆ, “ಉಪ್ಪ ಹೆಚ್ಚಾಗೇತಿ, ಮಾಡಿದವ್ರಿಗೆ ಗೊತ್ತಾಗಲಿ.” ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಹಾಗಿದ್ದರೆ ನಾವು ಈಗ ಖಾನಾಪುರಕ್ಕೇ ದೊಡ್ಡ ಶ್ರೀಮಂತರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ನಮ್ಮ ತಂದೆಮಗನ ಜಗಳದಲ್ಲಿ ಆಡು ದಪ್ಪವಾಗಿದೆ, ಏಕೆಂದರೆ ಅದಕ್ಕೆ ಮೇವು ಹಾಕಿದ್ದೇನೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳದೆ ಇಬ್ಬರೂ ಹಾಕುತ್ತೇವೆ.

ಜಗಳದ ಮಾತನ್ನು ಮತ್ತೆ ತೆಗೆಯುವುದಿಲ್ಲ. ಪುಣೆಯ ದೊಡ್ಡ ಸೈಕಲ್ ಅಂಗಡಿಯವರು ಬಾ ಎಂದು ಹೇಳಿ ಕಳಿಸಿದ್ದಾರೆ, ಹೋಗುತ್ತೇನೆ ಎಂದು ಅವನು ಊಟಕ್ಕೆ ಕುಳಿತಾಗ ಹೇಳಿದ. ಹೋಗುವವರಿಗೆ ನನ್ನ ಅಂಗಡಿಯ ಬಾಗಿಲು ಸಣ್ಣದೇನಲ್ಲ ಎಂದು ನಾನು ಹೇಳಿದೆ. ಈ ಅಂಗಡಿಯಲ್ಲಿ ಪಂಚರ್ ತಿದ್ದುವುದು ಬಿಟ್ಟು ಇನ್ನೇನಿದೆ ಎಂದು ಅವನು ಹೇಳಿದ. ಅದು ನನಗೆ ನಾಟಿತು, ಏಕೆಂದರೆ ಆ ಪಂಚರಿನಲ್ಲೇ ಅವನು ಉಂಡು ಬೆಳೆದದ್ದು. ನೀನು ಗಾಡಿಯ ಕಿಟಕಿಯಿಂದ ಹೇಳಿದ ಮಾತು ದಿನಾ ನೆನಪಾಗುತ್ತದೆ. “ನಾ ತಿರುಗಿ ಬರೂದ್ರಾಗ ಮಾತಾಡ್ರಿ. ಅವನ್ನ ಹೋಗಾಕ ಬಿಡಬ್ಯಾಡ್ರಿ.” ಹೇಳುವುದು ಸುಲಭ. ಬರುವ ತಿಂಗಳು ಹತ್ತನೇ ತಾರೀಖಿನ ಗಾಡಿಗೆ ಅವನು ಹೋಗುವವನು. ಟ್ರಂಕಿನಲ್ಲಿ ಅಂಗಿಗಳನ್ನು ಮಡಚಿ ಇಟ್ಟುಕೊಂಡಿದ್ದಾನೆ. ದಿನಾ ಆ ಟ್ರಂಕಿನ ಬಾಜು ಹಾಯ್ದೇ ನಾನು ಅಂಗಡಿಗೆ ಹೋಗುತ್ತೇನೆ.

ಈಗ ಮೊನ್ನೆ ಶನಿವಾರದ ಸುದ್ದಿ ಕೇಳು. ಭತ್ತದ ಹುಲ್ಲು ತುಂಬಿದ ಒಂದು ಟ್ರಕ್ಕು ಜಾಂಬೋಟಿ ಕಡೆಯಿಂದ ಬಂದು ನಮ್ಮ ಅಂಗಡಿಯ ಮುಂದೆ ನಿಂತಿತು. ಹುಲ್ಲಿನ ಮೇಲಿಂದ ಒಬ್ಬ ತರುಣ ಇಳಿದ, ಅವನ ಹಿಂದೆ ಒಂದು ಸೈಕಲ್ಲೂ ಇಳಿಯಿತು. ಬೆಳಗಾವಿ ಶಹಾಪುರದ ಬಾಳಾಸಾಹೇಬ ಎಂದು ಹೆಸರು ಹೇಳಿದ. ಹಡಗಿನಲ್ಲಿ ವಾಯರ್‌ಲೆಸ್ ನೋಡಿಕೊಳ್ಳುವ ನೌಕರಿಯಂತೆ, ರಜೆಗೆ ಬರುವಾಗ ಹೊರದೇಶದಿಂದ ಹತ್ತು ಗೇರಿನ ಸೈಕಲ್ ತಂದಿದ್ದಾನೆ. ಹಿಂದೆ ಹಲ್ಲಿನ ಚಕ್ರ ಐದು, ಮುಂದೆ ಪೆಡಲಿನ ಹತ್ತಿರ ಎರಡು, ಒಂದು ದೊಡ್ಡದು ಒಂದು ಸಣ್ಣದು. ಹಿಂದಿನ ಐದು ಚೆನ್ನಾಗಿ ಬದಲಾಗುತ್ತವೆ, ಮುಂದಿನ ಎರಡರಲ್ಲೇ ತಕರಾರು. ಏರು ಬಂತೆಂದು ದೊಡ್ಡದರಿಂದ ಸಣ್ಣದಕ್ಕೆ ಇಳಿಸಲು ಹೋದರೆ ಚೈನು ಸಣ್ಣದನ್ನೂ ದಾಟಿ ಒಳಗೆ ಬಿದ್ದು ಸಿಕ್ಕಿಕೊಳ್ಳುತ್ತದೆ. ತಿರುಗಿ ಮೇಲೆ ಹತ್ತಿಸಲು ಹೋದರೆ ಹತ್ತುವುದೇ ಇಲ್ಲ. ಬೆಳಗಾವಿಯಲ್ಲಿ ಯಾರೋ ಒಬ್ಬರು ಕೈಯಾಡಿಸಿ ಇದ್ದದ್ದನ್ನೂ ಕೆಡಿಸಿದ್ದರು. ಅವತ್ತು ಜಾಂಬೋಟಿಯ ಏರಿನಲ್ಲಿ ಚೈನು ಬಿದ್ದು ಬಾಳಾಸಾಹೇಬನೂ ಬಿದ್ದಿದ್ದ. ಮೊಣಕೈ ಕೆತ್ತಿತ್ತು. ಆದರೂ ನಗುತ್ತಿದ್ದ, ಒಳ್ಳೆಯ ಹುಡುಗ.

ಆ ಮುಂದಿನ ಗೇರಿಗೆ ಅವನು ಏನೋ ಇಂಗ್ಲಿಷ್ ಹೆಸರು ಹೇಳಿದ, ನನ್ನ ನಾಲಿಗೆಗೆ ಬರಲಿಲ್ಲ. ನಾನು ಅದನ್ನು ಚಿಮಟಾ ಎಂದೆ. ಖರೇ ನೋಡಿದರೆ ಅದು ನೀನು ರೊಟ್ಟಿ ಹಿಡಿಯುವ ಚಿಮಟಾದ ಹಾಗೇ ಇದೆ. ಎರಡು ತಗಡು, ನಡುವೆ ಚೈನು ಹಾಯುತ್ತದೆ. ಗೇರಿನ ಹಿಡಿ ಎಳೆದರೆ ವಾಯರ್ ಬಿಗಿಯಾಗಿ ಚಿಮಟಾ ಚೈನನ್ನು ಬಾಜುಕ್ಕೆ ನೂಕಿ ದೊಡ್ಡ ಚಕ್ರಕ್ಕೆ ಹತ್ತಿಸುತ್ತದೆ, ಬಿಟ್ಟರೆ ಸಣ್ಣದಕ್ಕೆ ಇಳಿಸುತ್ತದೆ. ಅದರ ತಲೆಯ ಮೇಲೆ ಎರಡೇ ಎರಡು ಸಣ್ಣ ಸ್ಕ್ರೂ. ಒಂದು, ಒಳಗೆ ಇಷ್ಟೇ ಬಾ ಎಂದು ಹೇಳುವುದು. ಇನ್ನೊಂದು, ಹೊರಗೆ ಇಷ್ಟೇ ಹೋಗು ಎಂದು ಹೇಳುವುದು. ಇಷ್ಟನ್ನು ತಿಳಿಯಲು ನನಗೆ ಮಧ್ಯಾಹ್ನದ ನಮಾಜಿನ ಹೊತ್ತಾಯಿತು, ಏಕೆಂದರೆ ಅದಕ್ಕೂ ಮೊದಲು ನಾನು ಒಂದು ಘನಕಾರ್ಯ ಮಾಡಿದ್ದೆ.

ಏನೆಂದರೆ, ಸೈಕಲ್ಲನ್ನು ಜಂತಿಯ ಹಗ್ಗಕ್ಕೆ ತೂಗುಹಾಕಿದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಚೈನು. ಕೆಳಗೆ ಜೋಲಿ ಬಿದ್ದ ಹಾಗೆ ಸಡಿಲ. ನಮ್ಮ ಕಸುಬಿನಲ್ಲಿ ಕಲಿತ ಮೊದಲ ಪಾಠವೇ ಅದು, ಚೈನು ಬಿದ್ದರೆ ಸಡಿಲಾಗಿದೆ, ಸಡಿಲಾದರೆ ಕೊಂಡಿ ತೆಗೆ. ನಮ್ಮ ಊರಿನ ಹಾಲಿನವರ ಸೈಕಲ್ಲು, ಅಂಚೆಯವರ ಸೈಕಲ್ಲು ಎಲ್ಲಕ್ಕೂ ಹಾಗೇ ಮಾಡಿದ್ದೇನೆ, ಯಾರೂ ತಿರುಗಿ ಬಂದಿಲ್ಲ. ಪಿನ್ನು ಬಡಿದು ಎರಡು ಕೊಂಡಿ ತೆಗೆದುಬಿಟ್ಟೆ. ಚೈನು ವೀಣೆಯ ತಂತಿಯಷ್ಟು ಬಿಗಿಯಾಯಿತು. ಬಾಳಾಸಾಹೇಬನಿಗೆ “ನೋಡ್ರಿ ಈಗ” ಎಂದು ಮೀಸೆ ತಿರುವಿ, ಹಿಂದೆಯೂ ದೊಡ್ಡದಕ್ಕೆ, ಮುಂದೆಯೂ ದೊಡ್ಡದಕ್ಕೆ ಹಾಕಿ ಪೆಡಲು ತಿರುಗಿಸಿದೆ. ಇಡೀ ಸೈಕಲ್ಲು ಹಗ್ಗಕ್ಕೆ ಕಟ್ಟಿದ ಹೋರಿಯ ಹಾಗೆ ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಆ ಸಡಿಲು ಬೇಕೆಂದೇ ಬಿಟ್ಟ ಸಡಿಲು, ಚೈನು ದೊಡ್ಡದಕ್ಕೆ ಹತ್ತುವಾಗ ಬೇಕಾಗುತ್ತದೆ, ಉಳಿದ ಹೊತ್ತು ಹಿಂದಿನ ಗೇರಿನ ತೋಳು ಅದನ್ನು ಎಳೆದು ಹಿಡಿದಿರುತ್ತದೆ ಎಂದು ನನಗೆ ಯಾರು ಹೇಳಬೇಕು? ಹೇಳಬಹುದಾದವನು ಮೂಲೆಯಲ್ಲಿ ಕುಳಿತು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ.

ವಹಾಬ ಎದ್ದುಬಂದ. ನಾನು ಬಿಸಾಕಿದ್ದ ಎರಡು ಕೊಂಡಿಯನ್ನು ಆರಿಸಿ ಸೀಮೆಎಣ್ಣೆಯಲ್ಲಿ ತೊಳೆದು, ಡಬ್ಬಿಯ ಮುಚ್ಚಳದಲ್ಲಿಟ್ಟು ನನ್ನ ಮೊಣಕಾಲಿನ ಹತ್ತಿರ ಇಟ್ಟ. ನಗಲಿಲ್ಲ. ನಕ್ಕಿದ್ದರೆ ನಾನು ನಟ್ಟು ಬಿಚ್ಚುವ ಪಾನಾ ಎಸೆಯುತ್ತಿದ್ದೆ, ಅದು ನಿನಗೂ ಗೊತ್ತು. ಅವನು ನಗದೆ ಇದ್ದದ್ದಕ್ಕೆ ನನಗೆ ಒಂದು ಥರ ಆಯಿತು. ಕೊಂಡಿಯನ್ನು ನಾನೇ ತಿರುಗಿ ಸೇರಿಸಿದೆ.

ಆಮೇಲೆ ನಿಜವಾದ ಕೆಲಸ ಶುರುವಾಯಿತು. ಚಿಮಟಾ ಹೊಂದಿಸುವುದಕ್ಕೆ ಒಂದು ಕೈ ಪೆಡಲು ತಿರುಗಿಸಬೇಕು, ಒಂದು ಕೈ ಹಿಡಿ ಎಳೆಯಬೇಕು, ಒಂದು ಕೈ ಸ್ಕ್ರೂ ತಿರುವಬೇಕು, ಅದೇ ಹೊತ್ತಿಗೆ ಕಣ್ಣು ತಗಡಿಗೂ ಚೈನಿಗೂ ನಡುವಿನ ಸಂದಿನಲ್ಲಿ ಇರಬೇಕು. ದೇವರು ನನಗೆ ಎರಡೇ ಕೈ ಕೊಟ್ಟಿದ್ದಾನೆ, ಕಣ್ಣು ಕೊಟ್ಟದ್ದರಲ್ಲೂ ಅರ್ಧ ತಿರುಗಿ ತೆಗೆದುಕೊಂಡಿದ್ದಾನೆ. ವಹಾಬ ಸ್ಕ್ರೂಡ್ರೈವರ್ ಹಿಡಿದು ಸೈಕಲ್ಲಿನ ಆ ಕಡೆ ಕುಳಿತ. ನಾನು ಈ ಕಡೆ ಪೆಡಲು ಹಿಡಿದೆ. ನಡುವೆ ಸ್ಟೂಲಿನ ಮೇಲೆ ಬಾಳಾಸಾಹೇಬ. ನಾನು ಅವನಿಗೆ, “ಸ್ಕ್ರೂ ಹಿಡದೋರಿಗೆ ಹೇಳ್ರಿ, ನಾ ಎಳೀತೀನಿ ಈಗ.” ವಹಾಬ ಅವನಿಗೆ, “ಪೆಡಲ್ ತಿರಗಸೋರಿಗೆ ಹೇಳ್ರಿ, ಸಾವಕಾಶ.” ಪಾಪ ಅವನು ಎರಡೂ ಕಡೆ ಮಾತು ಸಾಗಿಸಿದ. ಆದರೆ ಎರಡು ಬಾಯಿ ದಾಟಿ ಬರುವ ಮಾತಿಗಾಗಿ ಚೈನು ಕಾಯುವುದಿಲ್ಲ. ನಿಲ್ಲಿಸು ಎನ್ನುವುದು ನನ್ನ ಕಿವಿಗೆ ಬೀಳುವಷ್ಟರಲ್ಲಿ ಅದು ಹಲ್ಲು ದಾಟಿ ಆಚೆ ಬಿದ್ದಿರುತ್ತಿತ್ತು. ಹೀಗೇ ಬಹಳ ಸಲ ಆಯಿತು. ಕಡೆಗೆ ಬಾಳಾಸಾಹೇಬ ಎದ್ದು ನಿಂತು, “ಚಾಚಾ, ವಾಯರ್‌ಲೆಸ್ ಕೆಲಸಾ ಹಡಗಿನ್ಯಾಗ ಬಿಟ್ಟು ರಜಾಕ್ಕ ಬಂದೀನ್ರಿ. ಇಲ್ಲೂ ಅದನ್ನ ಮಾಡಸ್ತೀರಲ್ರಿ” ಎಂದು ಹೇಳಿ, ಪೇಟೆಯಲ್ಲಿ ತನ್ನ ಅತ್ತೆಯ ಮನೆ ಇದೆ, ಊಟ ಮಾಡಿ ಬರುತ್ತೇನೆ ಎಂದು ಹೊರಟೇಹೋದ.

ಆಡು ಹಿತ್ತಲಲ್ಲಿತ್ತು. ಅಂಗಡಿಯಲ್ಲಿ ನಾವಿಬ್ಬರೇ. ನಾನು ಪೆಡಲು ತಿರುಗಿಸಿದೆ, ಹಿಡಿ ಎಳೆದೆ. ಚೈನು ಸಣ್ಣ ಚಕ್ರದಿಂದ ಎದ್ದಿತು, ದೊಡ್ಡದರ ಹಲ್ಲಿಗೆ ತಾಗಿತು, ಹತ್ತಿತು. ನಾನು ಇನ್ನೂ ಎಳೆಯುತ್ತಿದ್ದೆ. ಆಗ ಸೈಕಲ್ಲಿನ ಆ ಕಡೆಯಿಂದ ಬಂತು, “ಸಾಕು.” ನಾನು ಕೈ ನಿಲ್ಲಿಸಿದೆ. ಚೈನು ಬೀಳಲಿಲ್ಲ. ವಹಾಬನ ಅಮ್ಮೀ, ಅವನು ಹುಟ್ಟಿದಾಗಿನಿಂದ ಅವನ ಮಾತಿಗೆ ನಾನು ಹಾಗೆ ಕೈ ನಿಲ್ಲಿಸಿದ್ದು ಅದೇ ಮೊದಲು ಇರಬೇಕು. ಅವನಿಗೂ ಆಶ್ಚರ್ಯವಾಯಿತೋ ಏನೋ, ಚಕ್ರದ ಕಡ್ಡಿಗಳ ನಡುವಿನಿಂದ ಒಮ್ಮೆ ನನ್ನ ಮುಖ ನೋಡಿದ.

ಅಲ್ಲಿಂದ ಮುಂದೆ ಸಣ್ಣ ಸಣ್ಣ ಮಾತು. “ಇಳಸ್ರಿ.” “ಇಳಿಸೀನಿ.” “ಇನ್ನೊಂದೀಟು.” “ಹತ್ತೇತೇನ?” “ಹತ್ತೇತಿ.” ಬೆಳಗಾವಿಯಲ್ಲಿ ಚಿಮಟಾವನ್ನು ಬಹಳ ಮೇಲೆ, ಅದೂ ಸೊಟ್ಟಗೆ ಕೂಡಿಸಿದ್ದರು. ಅದನ್ನು ಬಿಚ್ಚಿ, ಹೊರಗಿನ ತಗಡಿಗೂ ದೊಡ್ಡ ಚಕ್ರದ ಹಲ್ಲಿಗೂ ನಡುವೆ ಒಂದು ಎಂಟಾಣೆ ನಾಣ್ಯ ಹಿಡಿಸುವಷ್ಟೇ ಜಾಗ ಬಿಟ್ಟು ಕೆಳಗೆ ಇಳಿಸಿದೆವು. ತಗಡು ಚಕ್ರಕ್ಕೆ ಸಮನಾಗಿ ನಿಲ್ಲುವಂತೆ ಕೂಡಿಸಿದೆವು. ಮುಂದೆ ಸಣ್ಣದು ಹಿಂದೆ ದೊಡ್ಡದು ಹಾಕಿ ಒಳಗಿನ ಸ್ಕ್ರೂ ನೋಡಿದೆವು, ಮುಂದೆ ದೊಡ್ಡದು ಹಿಂದೆ ಸಣ್ಣದು ಹಾಕಿ ಹೊರಗಿನದನ್ನು. ಬಿಗಿ ಮಾಡಿದರೆ ತಗಡು ಚೈನಿಗೆ ಉಜ್ಜಿ ಕಿರ್ರೆನ್ನುತ್ತದೆ, ಸಡಿಲ ಬಿಟ್ಟರೆ ಚೈನು ಹೊರಗೆ ಬೀಳುತ್ತದೆ. ಉಜ್ಜಲೂಬಾರದು, ಬೀಳಲೂಬಾರದು, ಅಂಥ ಒಂದು ಕೂದಲೆಳೆಯ ಜಾಗ ಇದೆ, ಅದನ್ನು ಹುಡುಕಬೇಕು. ಹುಡುಕಿದವನು ವಹಾಬ. ನಾನು ಅವನು ಹೇಳಿದಷ್ಟು ಪೆಡಲು ತಿರುಗಿಸಿದೆ. ಆಳಾಗಬಲ್ಲವನು ಅರಸನಾಗಬಲ್ಲ ಎಂದು ಅವನಿಗೆ ಸಾವಿರ ಸಲ ಹೇಳಿದ್ದೇನೆ, ಅವತ್ತು ಅದು ನನ್ನ ಪಾಲಿಗೆ ಬಂತು. ನಗಬೇಡ. ನೀನು ನಗುತ್ತಿದ್ದೀ ಎಂದು ನನಗೆ ಇಲ್ಲಿಗೇ ಕೇಳುತ್ತದೆ.

ಎಲ್ಲ ಆದ ಮೇಲೆ ಅವನು ಸೈಕಲ್ಲು ಕೆಳಗಿಳಿಸಿ ನನ್ನ ಕಡೆ ಹಿಡಿದು, “ನೀವ ಹತ್ರಿ, ಅಬ್ಬಾ” ಎಂದ. ಎಷ್ಟು ದಿನದ ಮೇಲೆ ಆ ಅಬ್ಬಾ ಎನ್ನುವುದನ್ನು ನೇರ ನನಗೆ ಹೇಳಿಸಿಕೊಂಡೆನೋ. ಕಣ್ಣಲ್ಲಿ ನೀರು ಬಂತು, ಸೀಮೆಎಣ್ಣೆ ಹೋಯಿತು ಎಂದು ಒರೆಸಿಕೊಂಡೆ. ಹಿಡಿಕೆ ಬಾಗಿದ ಆ ಸೈಕಲ್ಲಿನ ಮೇಲೆ ಲುಂಗಿ ಎತ್ತಿ ಕಟ್ಟಿ ನಾನು ಮಲಪ್ರಭೆಯ ಸೇತುವೆ ತನಕ ಹೋಗಿಬಂದೆ, ಪೇಟೆಯ ಮಂದಿ ನಿಂತು ನೋಡಿದರು. ಇಳಿಜಾರಿನಲ್ಲಿ ದೊಡ್ಡದು, ಏರಿನಲ್ಲಿ ಸಣ್ಣದು, ಒಂದು ಸಲವೂ ಚೈನು ಬೀಳಲಿಲ್ಲ. ಆದರೆ ಹಿಂದಿನ ಗೇರು ಬದಲಿಸಿದಾಗ ಒಮ್ಮೊಮ್ಮೆ ಮುಂದಿನ ಚಿಮಟಾ ಕಿರ್ರೆನ್ನುತ್ತಿತ್ತು. ಬಂದು ಅವನಿಗೆ ಕಂಪನಿಯವರನ್ನು ಬೈದೆ. ಅವನು ಕುಳಿತು ನೋಡಿ, “ತಪ್ಪಲ್ರಿ ಇದು. ಹಿಂದ ಬದಲಾದ್ರ ಚೈನ್ ಸೊಟ್ಟ ಆಗತೈತಿ. ಮುಂದಿನದೂ ಒಂದೀಟು ಸರೀಬೇಕು” ಎಂದು ಹಿಡಿಯನ್ನು ಬೆರಳಿನಿಂದ ಇಷ್ಟೇ ಇಷ್ಟು ಸರಿಸಿದ. ಸದ್ದು ನಿಂತಿತು. ನಾನು ಆಮೇಲೆ ಬಹಳ ಹೊತ್ತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದೆ.

ಬಾಳಾಸಾಹೇಬ ಸಂಜೆಗೆ ಬಂದು ನೋಡಿ ಕುಣಿದಾಡಿದ. ಹೋಗುವಾಗ ಒಂದು ಮಾತು ಹೇಳಿದ. ಬೆಳಗಾವಿಯಲ್ಲಿ ಅವನ ಗೆಳೆಯರು ಹಲವರ ಹತ್ತಿರ ಇಂಥ ಸೈಕಲ್ಲು ಬಂದಿವೆಯಂತೆ. ರವಿವಾರ ಎಲ್ಲರೂ ಕೂಡಿ ಪೀರನವಾಡಿ ಮೇಲಿಂದ ಜಾಂಬೋಟಿ ಕಡೆಗೆ ಹೋಗುತ್ತಾರಂತೆ, ಮುಂದಿನ ಗೇರು ಕೆಟ್ಟರೆ ಹೊಂದಿಸುವವರು ದಾರಿಯಲ್ಲಿ ಯಾರೂ ಇಲ್ಲವಂತೆ. ಮಚ್ಛೆಯ ಕಾರಖಾನೆಗಳಿಗೆ ಹೋಗುವವರ ಸಾದಾ ಸೈಕಲ್ಲೂ ಅದೇ ದಾರಿಯಲ್ಲಿ ಓಡಾಡುತ್ತವೆ. “ಪೀರನವಾಡ್ಯಾಗ ಅಂಗಡಿಗೆ ಒಂದು ಖೋಲಿ ಹಿಡೀರಿ ಚಾಚಾ, ನಾವ ಬರ್ತೀವಿ” ಎಂದ. ವಹಾಬನ ಕಿವಿ ನೆಟ್ಟಗಾದದ್ದನ್ನು ನಾನು ನೋಡಿದೆ. ಆದರೆ ಅವನು ಹೋಗಿ ಪಾನಾಗಳನ್ನು ಡಬ್ಬಿಗೆ ಹಾಕತೊಡಗಿದ, ನಾನು ಜಂತಿಯ ಹಗ್ಗ ಸುತ್ತಿಟ್ಟೆ.

ಅವತ್ತಿನಿಂದ ನಮ್ಮ ಮಾತು ಸಿಕ್ಕಿಕೊಂಡಿರುವುದು ಇಲ್ಲೇ. ಈಗ ನಾವು ಮಾತಾಡುತ್ತೇವೆ, ಆದರೆ ಎಲ್ಲ ಪಾನಾ, ಸ್ಕ್ರೂ, ಉಪ್ಪು, ನೀರು ಇಷ್ಟೇ. ಟ್ರಂಕು ಇನ್ನೂ ಗೋಡೆಯ ಬಾಜು ಹಾಗೇ ಇದೆ. ಪೀರನವಾಡಿ ಬಸ್ಸಿಗೆ ಮುಂಜಾನೆ ಹೋಗಿ ಸಂಜೆ ಮನೆಗೆ ಬರಬಹುದಾದ ದಾರಿ, ಅಂಗಡಿ ಅವನದೇ ಆಗಲಿ ಎಂದು ನನ್ನ ಮನಸ್ಸು ಹೇಳುತ್ತದೆ. ಬಾಯಿಗೆ ಬಂದರೆ, ಹೋಗುವವರಿಗೆ ಬಾಗಿಲು ಸಣ್ಣದಲ್ಲ ಎಂದ ಬಾಯಿ ಇದೇ ಅಲ್ಲವೇ ಎಂದು ತಿರುಗಿ ಒಳಗೆ ಹೋಗುತ್ತದೆ. ಅದಕ್ಕೇ ನಿನಗೆ ಇಷ್ಟುದ್ದ ಬರೆಯುತ್ತಿದ್ದೇನೆ. ಇನ್ನೊಂದೇ ಸಲ ನೀನು ನಡುವೆ ನಿಲ್ಲು. ಕರೀಮುನ್ನಿಸಾಳ ಕೈಯಿಂದ ಅವನ ಹೆಸರಿಗೆ ಒಂದು ಕಾರ್ಡು ಬರೆಸು, ಪುಣೆಗೆ ಹೋಗಬೇಡ, ನಿನ್ನ ಅಬ್ಬಾನಿಗೆ ನೀನು ಬೇಕು ಎಂದು ಬರೆಸು. ನಾನು ಹೇಳಿದೆ ಎಂದೇ ಬರೆಸು. ನಿನ್ನ ಮಾತನ್ನು ಅವನು ತೆಗೆದುಹಾಕುವುದಿಲ್ಲ.

ಕೂಸಿಗೆ ಹೆಸರು ಏನು ಇಡುವುದೆಂದು ಬೀಗರು ಕೇಳಿದರೆ, ಯಾವ ಹೆಸರಾದರೂ ಸರಿ, ಕರೆಯುವಾಗ ಮನೆಯ ಎಲ್ಲರ ಬಾಯಿಗೂ ಸುಲಭವಾಗಿ ಬರಲಿ ಎಂದು ಹೇಳು. ಅಲ್ಲಾಹನು ಆ ಕೂಸಿಗೂ ಬಾಣಂತಿಗೂ ಆಯುಷ್ಯ ಆರೋಗ್ಯ ಕೊಡಲಿ. ಅಳಿಯನಿಗೆ, ಬೀಗರಿಗೆ, ನನ್ನನ್ನು ನೆನೆಯುವ ಎಲ್ಲರಿಗೂ ಸಲಾಮ್. ದೊಡ್ಡ ಮೊಮ್ಮಗನ ಎರಡೂ ಗಲ್ಲಕ್ಕೆ ನನ್ನ ಪರವಾಗಿ ಮುತ್ತು ಕೊಡು. ನಿನಗೆ ಏನು ಕೊಡಬೇಕೋ ಅದನ್ನು ಬಂದ ಮೇಲೆ ಹೇಳುತ್ತೇನೆ, ಮಗಳು ಓದುತ್ತಿದ್ದಾಳೆ.

ನಿನ್ನವನೇ ಆದ
ದಸ್ತಗೀರಸಾಬ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾರ್ಡು ಬರೆಸಬೇಡ. ಲಕೋಟೆಗೆ ಹಚ್ಚಲು ಅಂಟು ಹುಡುಕುತ್ತಿದ್ದೆ, ವಹಾಬ ಪಂಚರಿಗೆ ಹಚ್ಚುವ ಸೊಲ್ಯೂಶನ್ನಿನ ಟ್ಯೂಬು ತಂದು ಕೊಟ್ಟು ಹೋಗದೆ ಅಲ್ಲೇ ನಿಂತ. ನಾನು ಲಕೋಟೆ ಕೆಳಗಿಟ್ಟು ಹೇಳಿಬಿಟ್ಟೆ, “ಪುಣೆಕ ಹೋಗಬ್ಯಾಡಪಾ. ನನಗ ನೀ ಬೇಕು. ಪೀರನವಾಡ್ಯಾಗ ಖೋಲಿ ನೋಡೂಣು.” ಅವನು ಆ ಟ್ಯೂಬಿನ ಮುಚ್ಚಳ ತಿರುವುತ್ತ, “ಬೋರ್ಡಿನ ಮ್ಯಾಲ ಯಾರ ಹೆಸರು?” ಎಂದು ಕೇಳಿದ. “ನಿಂದ. ನಾ ಪೆಡಲ್ ತಿರಗಸಾಕ ಬರ್ತೀನಿ” ಎಂದೆ. ಅವನು ಒಳಗೆ ಹೋದ. ಈಗ ಬಂದು ನೋಡಿದರೆ ಟ್ರಂಕಿನ ಅಂಗಿಗಳೆಲ್ಲ ತಿರುಗಿ ಬಟ್ಟೆ ಹಾಕುವ ಹಗ್ಗದ ಮೇಲಿವೆ. ಆಡು ಬೆಳಗಿನಿಂದ ನಮ್ಮಿಬ್ಬರ ಮುಖ ನೋಡುತ್ತ ಕಂಬದ ಹತ್ತಿರ ನಿಂತಿದೆ. ಅದನ್ನು ಮಾತಾಡಿಸುವವರು ಈಗ ಮನೆಯಲ್ಲಿ ಯಾರೂ ಇಲ್ಲ, ಬೇಗ ಬಾ.